ವಿಡಿಯೋ ಕನ್ವರ್ಟ್ ಮಾಡುವ ಮೊದಲು: ಯಾವ ತೊಂದರೆಗೆ ಯಾವ ದಾರಿ

ಕಳೆದ ದೀಪಾವಳಿಗೆ ಹೊಸನಗರದ ಹತ್ತಿರ ಅತ್ತೆ ಮನೆಗೆ ಹೋಗಿದ್ದೆವು. ಏಪ್ರಿಲ್‌ನಲ್ಲಿ ಅವರ ಮನೆ ಅಂಗಳದಲ್ಲಿ ಹರಕೆಯ ಯಕ್ಷಗಾನ ಆಟ ಆಗಿತ್ತು. ರಾತ್ರಿಯಿಡೀ ಶೂಟ್ ಮಾಡಿಸಿ, ಹಾರ್ಡ್ ಡಿಸ್ಕಿಗೆ ಹಾಕಿಸಿ ಇಟ್ಟಿದ್ದರು. ಎಲ್ಲರೂ ಸೇರಿದಾಗಲೇ ನೋಡಬೇಕು ಅಂತ ಆರು ತಿಂಗಳು ಕಾದಿದ್ದರು. ಊಟ ಮುಗಿಯಿತು. ಜಗಲಿಯಲ್ಲಿ ಚಾಪೆ ಹಾಸಿದರು. ಹಾರ್ಡ್ ಡಿಸ್ಕನ್ನು ಟಿವಿಗೆ ಸಿಕ್ಕಿಸಿದೆವು. ಚಿತ್ರ ಚೆನ್ನಾಗಿಯೇ ಬಂತು. ಭಾಗವತರು ಬಾಯಿ ತೆರೆದರು, ಚೆಂಡೆಯ ಕೋಲು ಎದ್ದು ಬಿತ್ತು. ಶಬ್ದ ಮಾತ್ರ ಇಲ್ಲ.

"ಚೆಂಡೆ ಎಲ್ಲಿ ಹೋಯ್ತೋ?" ಅಂದರು ಅತ್ತೆ.

ಅಳಿಯ ಫೋನ್ ತೆಗೆದ. "ಆನ್‌ಲೈನ್ ಕನ್ವರ್ಟರ್ ಇದೆ ಮಾವ, ಪುಕ್ಕಟೆ" ಅಂದ. ಭಾವ, "ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿಗೆ ಹಾಕಿ ಮಲಗು, ಬೆಳಗ್ಗೆ ಹೊತ್ತಿಗೆ ಆಗಿರುತ್ತೆ" ಅಂದರು. ಇಬ್ಬರೂ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಮೊದಲ ಒಂದು ಗಂಟೆಯ ಫೈಲೇ 22 ಜಿಬಿ ಇತ್ತು. ಆ ಊರಿನಲ್ಲಿ ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೂ ಅದನ್ನು ಕಳಿಸುವುದಕ್ಕೇ ಹತ್ತು ಗಂಟೆ ಬೇಕು. ಹ್ಯಾಂಡ್‌ಬ್ರೇಕಿಗೆ ಹಾಕಿದರೆ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಬೇಕು, ಕರೆಂಟ್ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರಕ್ಕೆ ಏನೂ ಆಗಿರಲಿಲ್ಲವಲ್ಲ! ಸರಿಯಾಗಿರುವ ಚಿತ್ರವನ್ನು ಯಾಕೆ ಮುಟ್ಟಬೇಕು?

ಫೈಲಿನ ಒಳಗೆ ಏನಿದೆ ಅಂತ ತೋರಿಸುವ ಮೀಡಿಯಾಇನ್ಫೋ ಅನ್ನುವ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಚಿತ್ರ ಎಚ್.264 ಅನ್ನುವ ವಿಧಾನದಲ್ಲಿ ಒತ್ತಿದ್ದು. ಯಾವ ಟಿವಿಯಾದರೂ ಓಡಿಸುತ್ತದೆ. ಶಬ್ದದ ಜಾಗದಲ್ಲಿ ಪಿಸಿಎಂ ಅಂತಿತ್ತು. ಕೆಲವು ಕ್ಯಾಮೆರಾಗಳು ಶಬ್ದವನ್ನು ಒತ್ತದೆ, ಇದ್ದ ಹಾಗೆ ಎಂಪಿ4 ಒಳಗೆ ಇಡುತ್ತವೆ. ಎಡಿಟಿಂಗ್ ಮಾಡುವವರಿಗೆ ಅದು ಒಳ್ಳೆಯದು. ಆದರೆ ಎಷ್ಟೋ ಟಿವಿಗಳಿಗೆ, ಫೋನುಗಳಿಗೆ ಎಂಪಿ4 ಒಳಗಿನ ಪಿಸಿಎಂ ಓದಲು ಬರುವುದಿಲ್ಲ. ಚಿತ್ರವನ್ನು ಹಾಗೇ ಉಳಿಸಿ, ಶಬ್ದವನ್ನಷ್ಟೇ ಎಎಸಿ ಅನ್ನುವ ಒತ್ತುವ ವಿಧಾನಕ್ಕೆ ಬದಲಿಸಿದೆ. ಅತ್ತೆ ಎಲ್ಲರಿಗೂ ಕಾಫಿ ಮಾಡಿ ತರುವ ಹೊತ್ತಿಗೆ ಫೈಲ್ ರೆಡಿ ಇತ್ತು.

ಇಂಥ ತೊಂದರೆ ಬಂದಾಗ ಜನ ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ಒಳ್ಳೇದು?" ಅಂತ. ಅದಕ್ಕೂ ಮೊದಲು ಕೆಟ್ಟಿರುವುದು ಏನು ಅಂತ ಗೊತ್ತಾಗಬೇಕು. ಗೊತ್ತಾದ ಮೇಲೆ ಎಷ್ಟು ಬೇಕೋ ಅಷ್ಟನ್ನೇ ಬದಲಿಸಬೇಕು. ಮುಂದೆ ಬರೆದಿರುವ ಹೋಲಿಕೆಯೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಚೀಲ ಬೇರೆ, ಮಾಲು ಬೇರೆ

ಶಿವಮೊಗ್ಗದ ಅಡಿಕೆ ಮಂಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗಿನಿಂದ ಚೀಲ ಎಲ್ಲ ಒಂದೇ. ಒಳಗೆ ಸರಕು ಇರಬಹುದು, ಬೆಟ್ಟೆ ಇರಬಹುದು, ರಾಶಿ ಇರಬಹುದು, ಗೊರಬಲೂ ಇರಬಹುದು. ಚೀಲ ಬಿಚ್ಚಿ ಕೈ ಹಾಕದೆ ಯಾರೂ ರೇಟು ಹೇಳುವುದಿಲ್ಲ. ಎಂಪಿ4, ಎಂಕೆವಿ, ಎವಿಐ, ಎಂಓವಿ ಇವೆಲ್ಲ ಚೀಲಗಳು. ಇವಕ್ಕೆ ಕಂಟೇನರ್ ಅನ್ನುತ್ತಾರೆ. ಒಳಗಿನ ಚಿತ್ರವನ್ನೂ ಶಬ್ದವನ್ನೂ ಒತ್ತಿ ಸಣ್ಣದು ಮಾಡುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಚಿತ್ರಕ್ಕೆ ಒಂದು ಕೋಡೆಕ್, ಶಬ್ದಕ್ಕೆ ಇನ್ನೊಂದು. ಹಾಗಾಗಿ "ಎಂಪಿ4 ಫೈಲ್ ಓಡ್ತಿಲ್ಲ" ಅಂದರೆ ಏನೂ ಹೇಳಿದಂತಾಗಲಿಲ್ಲ. ಎರಡು ಎಂಪಿ4 ಫೈಲುಗಳ ಒಳಗೆ ಬೇರೆ ಬೇರೆ ಮಾಲು ಇರಬಹುದು.

ಚೀಲ ಬಿಚ್ಚುವುದು ಸುಲಭ. ವಿಎಲ್‌ಸಿ ಪ್ಲೇಯರಿನಲ್ಲಿ ಫೈಲ್ ತೆರೆದು ಕಂಟ್ರೋಲ್ ಜೊತೆ ಜೆ ಒತ್ತಿದರೆ ಕೋಡೆಕ್ ವಿವರ ಬರುತ್ತದೆ. ಇನ್ನೂ ಜಾಸ್ತಿ ವಿವರ ಬೇಕಿದ್ದರೆ ಮೀಡಿಯಾಇನ್ಫೋ ಒಳ್ಳೆಯದು. ಅದೂ ಪುಕ್ಕಟೆಯೇ. ಐದು ವಿಷಯ ಗುರುತು ಮಾಡಿಕೊಳ್ಳಿ: ಚಿತ್ರದ ಕೋಡೆಕ್, ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆ) 8 ಅಥವಾ 10, ಸ್ಕ್ಯಾನ್ ಪ್ರೋಗ್ರೆಸಿವ್ (ಪೂರ್ತಿ ಚಿತ್ರ) ಅಥವಾ ಇಂಟರ್‌ಲೇಸ್ಡ್ (ಅರ್ಧರ್ಧ ಗೆರೆಗಳ ಚಿತ್ರ), ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಬಿಡಿ ಚಿತ್ರ) ಕಾನ್‌ಸ್ಟಂಟ್ ಅಥವಾ ವೇರಿಯಬಲ್, ಕೊನೆಗೆ ಶಬ್ದದ ಕೋಡೆಕ್.

ಲಕ್ಷಣ ನೋಡಿಯೂ ಅರ್ಧ ಹೇಳಬಹುದು. ಚಿತ್ರ ಇದೆ, ಶಬ್ದ ಇಲ್ಲ ಅಂದರೆ ಶಬ್ದದ ಕೋಡೆಕ್ ಕಡೆ ನೋಡಿ. ಡಿಟಿಎಸ್ ಅಥವಾ ಪಿಸಿಎಂ ಇದ್ದರೆ ಅನುಮಾನವೇ ಬೇಡ. ಶಬ್ದ ಇದೆ, ಪರದೆ ಕಪ್ಪು ಅಂದರೆ ಚಿತ್ರದ ಕೋಡೆಕ್. ಐಫೋನಿನಿಂದ ತೆಗೆದ ವಿಡಿಯೋ ವಿಂಡೋಸ್ ಕಂಪ್ಯೂಟರಿನಲ್ಲಿ ಹೀಗಾಗುವುದು ಜಾಸ್ತಿ. 2017ರಲ್ಲಿ ಬಂದ ಐಓಎಸ್ 11ರಿಂದ ಐಫೋನ್ ಎಚ್.265ರಲ್ಲಿ ರೆಕಾರ್ಡ್ ಮಾಡುತ್ತದೆ. ವಿಂಡೋಸಿನ ಸ್ವಂತ ಪ್ಲೇಯರಿಗೆ ಅದಕ್ಕಾಗಿ ಬೇರೆ ಎಕ್ಸ್‌ಟೆನ್ಷನ್ ಬೇಕು. ಕಂಪ್ಯೂಟರಿನಲ್ಲಿ ಓಡುತ್ತದೆ, ಟಿವಿಯಲ್ಲಿ ಫೈಲಿನ ಹೆಸರೇ ಕಾಣುವುದಿಲ್ಲ ಅಂದರೆ ಚೀಲದ ತೊಂದರೆ ಇರಬಹುದು, ಪೆನ್‌ಡ್ರೈವಿನ ಫಾರ್ಮ್ಯಾಟ್ ಕೂಡ ಇರಬಹುದು. ಎಲ್ಲೂ ಓಡುವುದಿಲ್ಲ, "ಮೂವ್ ಆಟಮ್ ನಾಟ್ ಫೌಂಡ್" ಅಂತ ಬರುತ್ತದೆ ಅಂದರೆ ಅದು ಕೋಡೆಕ್ ಕಾಯಿಲೆಯೇ ಅಲ್ಲ. ರೆಕಾರ್ಡಿಂಗ್ ನಡುವೆ ಬ್ಯಾಟರಿ ಹೋಗಿ ಫೈಲ್ ಪೂರ್ತಿಯಾಗಿಲ್ಲ. ಅಂಥ ಫೈಲನ್ನು ಎಷ್ಟು ಸಲ ಕನ್ವರ್ಟ್ ಮಾಡಿದರೂ ಪ್ರಯೋಜನ ಇಲ್ಲ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಒಳ್ಳೆಯ ಫೈಲನ್ನು ಮಾದರಿಯಾಗಿ ಕೊಟ್ಟು ರಿಪೇರಿ ಮಾಡುವ ಅನ್‌ಟ್ರಂಕ್ ಅನ್ನುವ ಸಾಧನ ಇದೆ. ಆ ದಾರಿ ಹಿಡಿಯಿರಿ.

ನಾಲ್ಕು ದಾರಿ

ಮೊದಲನೆಯದು, ಫೈಲನ್ನು ಮುಟ್ಟದೆ ಪ್ಲೇಯರ್ ಬದಲಿಸುವುದು. ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿದೆ. ಒಬ್ಬರು ಒಂದು ಸಲ ನೋಡುವುದಕ್ಕೆ ಇಷ್ಟೇ ಸಾಕು. "ಕೋಡೆಕ್ ಪ್ಯಾಕ್ ಹಾಕಿಕೊಳ್ಳಿ" ಅನ್ನುವ ಗೊತ್ತಿಲ್ಲದ ಸೈಟುಗಳಿಂದ ಏನನ್ನೂ ಇಳಿಸಿಕೊಳ್ಳಬೇಡಿ. ಅದರ ಅಗತ್ಯ ಈಗ ಇಲ್ಲ.

ಎರಡನೆಯದು ಚೀಲ ಬದಲಿಸುವುದು. ಒಳಗಿನ ಚಿತ್ರ, ಶಬ್ದ ಎರಡೂ ಇದ್ದ ಹಾಗೇ ಹೊಸ ಕಂಟೇನರಿಗೆ ಹೋಗುತ್ತವೆ. ಗುಣಮಟ್ಟ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಫೈಲ್ ಕಾಪಿ ಮಾಡಲು ಹಿಡಿಯುವಷ್ಟೇ ಸಮಯ ಸಾಕು. ಎಂಕೆವಿಯಲ್ಲಿರುವ ಎಚ್.264 ಮತ್ತು ಎಎಸಿಯನ್ನು ಎಂಪಿ4ಗೆ ಹಾಕಲು ಇದೇ ದಾರಿ. ಕೆಲವರು ಫೈಲಿನ ಹೆಸರಿನ ಕೊನೆಯಲ್ಲಿ ಎಂಕೆವಿ ಅಳಿಸಿ ಎಂಪಿ4 ಅಂತ ಬರೆಯುತ್ತಾರೆ. ಅದು ಚೀಟಿ ಬದಲಿಸಿದ್ದು, ಚೀಲ ಬದಲಿಸಿದ್ದಲ್ಲ. ಇನ್ನೊಂದು ಮಾತು. ಎಂಪಿ4 ಚೀಲಕ್ಕೆ ಎಲ್ಲ ಮಾಲೂ ಹಿಡಿಸುವುದಿಲ್ಲ. ಎಂಕೆವಿಗೆ ಹೆಚ್ಚುಕಡಿಮೆ ಎಲ್ಲವೂ ಹಿಡಿಸುತ್ತದೆ. ಹಾಗಾಗಿ ಎಂಪಿ4 ಮಾಡುವಾಗ "ಈ ಕೋಡೆಕ್ ಈ ಕಂಟೇನರಿಗೆ ಹೊಂದುವುದಿಲ್ಲ" ಅನ್ನುವ ಅರ್ಥದ ತಕರಾರು ಬಂದರೆ ಗಾಬರಿ ಬೇಡ. ಎಂಕೆವಿ ಮಾಡಿ ನೋಡಿ, ಇಲ್ಲವೇ ಹೊಂದದ ಟ್ರ್ಯಾಕ್ ಒಂದನ್ನೇ ಬದಲಿಸಿ. ಬಹಳ ಸಲ ಅದು ಸಬ್‌ಟೈಟಲ್ ಟ್ರ್ಯಾಕ್ ಆಗಿರುತ್ತದೆ.

ಎಚ್.265 ಇರುವ ಎಂಪಿ4 ವಿಎಲ್‌ಸಿಯಲ್ಲಿ ಓಡಿ, ಐಫೋನಿನಲ್ಲಿ ಮಾತ್ರ ಓಡುವುದಿಲ್ಲ ಅನ್ನುವ ದೂರು ತುಂಬಾ ಕೇಳಿದ್ದೇನೆ. ಅಲ್ಲಿ ಕೋಡೆಕ್ ಸರಿಯಾಗಿಯೇ ಇರುತ್ತದೆ. ಒಳಗಿನ ಗುರುತು ಎಚ್‌ಇವಿ1 ಅಂತಿದ್ದರೆ ಆಪಲ್ ಪ್ಲೇಯರ್ ಒಪ್ಪುವುದಿಲ್ಲ, ಎಚ್‌ವಿಸಿ1 ಅಂತಿರಬೇಕು. ಚೀಲ ಬದಲಿಸುವಾಗ ಆ ಗುರುತನ್ನು ಬದಲಿಸಿದರೆ ಮುಗಿಯಿತು.

ಮೂರನೆಯದು ಅತ್ತೆ ಮನೆಯಲ್ಲಿ ಮಾಡಿದ್ದು: ಚಿತ್ರ ಹಾಗೇ, ಶಬ್ದ ಮಾತ್ರ ಹೊಸದು. ಎಎಸಿ, ಸ್ಟೀರಿಯೋ, 192 ಕಿಲೋಬಿಟ್ ಕೊಟ್ಟರೆ ಮನೆಯಲ್ಲಿ ಕೇಳಲು ಏನೂ ಕೊರತೆ ಕಾಣುವುದಿಲ್ಲ. ಜನ ಅತಿ ಕಡಿಮೆ ಬಳಸುವ, ಅತಿ ಜಾಸ್ತಿ ಉಪಯೋಗಕ್ಕೆ ಬರುವ ದಾರಿ ಇದು. ಶಬ್ದ ಇಲ್ಲ ಅಂತ ಇಡೀ ವಿಡಿಯೋವನ್ನೇ ಹೊಸದಾಗಿ ಒತ್ತಿ, ಚಿತ್ರ ಮಸುಕು ಮಾಡಿಕೊಂಡವರನ್ನು ನೋಡಿದಾಗ ಬೇಜಾರಾಗುತ್ತದೆ.

ನಾಲ್ಕನೆಯದು ಪೂರ್ತಿ ಕನ್ವರ್ಷನ್. ಚಿತ್ರವನ್ನು ಬಿಚ್ಚಿ ಮತ್ತೆ ಒತ್ತುವುದು. ಒಮ್ಮೆ ಇಳಿಸಿದ ಕಾಫಿಪುಡಿಗೆ ಮತ್ತೆ ಬಿಸಿನೀರು ಹಾಕಿ ತೆಗೆದ ಎರಡನೇ ಡಿಕಾಕ್ಷನ್ ಇದ್ದ ಹಾಗೆ. ಕುಡಿಯಬಹುದು, ಮೊದಲಿನ ಗಟ್ಟಿ ಇರುವುದಿಲ್ಲ. ಬೇಕಾದಾಗ ಮಾಡಲೇಬೇಕು. ಟಿವಿಗೆ ಆ ಕೋಡೆಕ್ಕೇ ಗೊತ್ತಿಲ್ಲ ಅಂದಾಗ, ಫೈಲ್ ತೀರಾ ದೊಡ್ಡದು ಅಂದಾಗ, ಹಳೇ ಇಂಟರ್‌ಲೇಸ್ಡ್ ಚಿತ್ರ ಸರಿ ಮಾಡಬೇಕು ಅಂದಾಗ. ಉಳಿದ ಮೂರು ದಾರಿ ಮುಚ್ಚಿದ ಮೇಲೆ ಇದಕ್ಕೆ ಬನ್ನಿ.

ಎಚ್.264, ಎಚ್.265, ಎವಿ1

ಪೂರ್ತಿ ಕನ್ವರ್ಟ್ ಮಾಡಲೇಬೇಕು ಅಂತಾದರೆ ಯಾವುದಕ್ಕೆ ಮಾಡುವುದು? ಎಚ್.264 ಬಂದದ್ದು 2003ರಲ್ಲಿ. ಎಚ್.265 ಬಂದದ್ದು 2013ರಲ್ಲಿ. ಎವಿ1 2018ರಲ್ಲಿ. ಹೊಸದಾದಷ್ಟೂ ಅದೇ ಗುಣಮಟ್ಟ ಇನ್ನೂ ಸಣ್ಣ ಫೈಲಿನಲ್ಲಿ ಸಿಗುತ್ತದೆ. ಎಚ್.264ಕ್ಕೆ ಬೇಕಾದ ಬಿಟ್‌ರೇಟಿನ (ಒಂದು ಸೆಕೆಂಡಿನ ವಿಡಿಯೋಗೆ ಖರ್ಚಾಗುವ ಡೇಟಾ) ಅರ್ಧದಲ್ಲೇ ಅದೇ ಚಿತ್ರ ಕೊಡಬೇಕು ಅನ್ನುವುದು ಎಚ್.265 ಮಾಡಿದವರ ಗುರಿಯಾಗಿತ್ತು. ಆದರೆ ಹೊಸದಾದಷ್ಟೂ ಒತ್ತಲು ಸಮಯ ಜಾಸ್ತಿ, ಓಡಿಸುವ ಸಾಧನವೂ ಹೊಸದಿರಬೇಕು.

ನನ್ನ ತೀರ್ಮಾನ ಹೀಗೆ. ಬೇರೆ ಬೇರೆ ಮನೆಗೆ, ಯಾವ ಟಿವಿ ಇದೆಯೋ ಗೊತ್ತಿಲ್ಲದ ಕಡೆಗೆ ಹೋಗುವ ಫೈಲ್ ಅಂದರೆ ಎಚ್.264, 8 ಬಿಟ್, ಎಎಸಿ ಶಬ್ದ, ಎಂಪಿ4 ಚೀಲ. ಇದು ಓಡದ ಜಾಗ ಸಿಗುವುದೇ ಕಷ್ಟ. ನಿಮ್ಮದೇ ಮನೆಯಲ್ಲಿ, ನಿಮ್ಮದೇ 4ಕೆ ಟಿವಿಯಲ್ಲಿ ನೋಡಿಕೊಳ್ಳಲು, ಡಿಸ್ಕಿನಲ್ಲಿ ಜಾಗ ಉಳಿಸಲು ಎಚ್.265. ಎವಿ1 ತುಂಬಾ ಒಳ್ಳೆಯ ಕೋಡೆಕ್, ಯಾರ ರಾಯಲ್ಟಿಯೂ ಬೇಡ ಅನ್ನುವ ಉದ್ದೇಶದಿಂದಲೇ ಹುಟ್ಟಿದ್ದು. ಆದರೆ ಐಫೋನಿಗೇ ಅದನ್ನು ಹಾರ್ಡ್‌ವೇರಿನಲ್ಲಿ ಓಡಿಸುವ ಶಕ್ತಿ ಬಂದದ್ದು 2023ರ 15 ಪ್ರೋ ಮಾದರಿಯಿಂದ. ಹಳ್ಳಿಮನೆಯ ಟಿವಿಗೆ ಕೊಡುವ ಫೈಲಿಗೆ ಅದು ಈಗ ಬೇಡ.

10 ಬಿಟ್ ಬಗ್ಗೆ ಒಂದು ಎಚ್ಚರಿಕೆ. ಎಚ್.265 ಓಡಿಸುವ ಬಹಳಷ್ಟು ಟಿವಿಗಳು 10 ಬಿಟ್ಟನ್ನೂ ಓಡಿಸುತ್ತವೆ. ಎಚ್.264ರಲ್ಲಿ 10 ಬಿಟ್ ಮಾಡಿದರೆ ಮಾತ್ರ ಟಿವಿ, ಫೋನು ಯಾವುದೂ ಸರಿಯಾಗಿ ಓಡಿಸುವುದಿಲ್ಲ. ಫೋನಿನಲ್ಲಿ ಎಚ್‌ಡಿಆರ್ (ಬೆಳಕು, ನೆರಳು ಎರಡನ್ನೂ ಹೆಚ್ಚು ಹಿಡಿಯುವ ಆಯ್ಕೆ) ಹಾಕಿ ತೆಗೆದ ವಿಡಿಯೋವನ್ನು ಸುಮ್ನೆ 8 ಬಿಟ್ಟಿಗೆ ಇಳಿಸಿದರೆ ಬಣ್ಣ ಬೂದಿ ಬಳಿದ ಹಾಗೆ ಮಂಕಾಗುತ್ತದೆ. ಮದುವೆಯಲ್ಲಿ ಎಲ್ಲರಿಗೂ ಹಂಚುವ ವಿಡಿಯೋ ತೆಗೆಯುವ ಮೊದಲೇ ಎಚ್‌ಡಿಆರ್ ಆಫ್ ಮಾಡಿಬಿಡಿ. ಆಮೇಲೆ ಸರಿ ಮಾಡುವುದಕ್ಕಿಂತ ಅದು ಎಷ್ಟೋ ಸುಲಭ.

ಈಗ ನಮ್ಮ ಮಲೆನಾಡಿನದೇ ಒಂದು ಸಂಗತಿ. ಕೋಡೆಕ್ ಕೆಲಸ ಮಾಡುವುದು ಹೀಗೆ: ಹಿಂದಿನ ಫ್ರೇಮಿಗೂ ಈಗಿನ ಫ್ರೇಮಿಗೂ ಏನು ಬದಲಾಯಿತು ಅನ್ನುವುದನ್ನು ಮುಖ್ಯವಾಗಿ ಬರೆದಿಡುತ್ತದೆ. ತಾಳಮದ್ದಳೆಯ ವಿಡಿಯೋ ನೋಡಿ. ಅರ್ಥಧಾರಿಗಳು ಕೂತಿರುತ್ತಾರೆ, ಹಿಂದಿನ ಗೋಡೆ ಅಲ್ಲೇ ಇರುತ್ತದೆ. ಬದಲಾಗುವುದು ಮುಖ, ಕೈ ಅಷ್ಟೇ. ಸಣ್ಣ ಬಿಟ್‌ರೇಟಿನಲ್ಲೂ ಚೆನ್ನಾಗಿ ಬರುತ್ತದೆ. ಅದೇ ಆಗಸ್ಟಿನಲ್ಲಿ ಜೋಗದ ಮುಂದೆ ಕ್ಯಾಮೆರಾ ಹಿಡಿಯಿರಿ. 253 ಮೀಟರ್ ಎತ್ತರದಿಂದ ಬೀಳುವ ನೀರಿನಲ್ಲಿ ಒಂದು ಫ್ರೇಮಿನಂತೆ ಇನ್ನೊಂದು ಇರುವುದಿಲ್ಲ. ಮಳೆ ಹನಿ, ಗಾಳಿಗೆ ಅಲುಗುವ ಅಡಿಕೆ ಸೋಗೆ, ತೇಲುವ ಮಂಜು, ಎಲ್ಲವೂ ಹೊಸದು. ತಾಳಮದ್ದಳೆಗೆ ಸಾಕಾದ ಬಿಟ್‌ರೇಟನ್ನೇ ಇದಕ್ಕೂ ಕೊಟ್ಟರೆ ನೀರು ಚೌಕ ಚೌಕ ಆಗಿ ಒಡೆಯುತ್ತದೆ. "ನನ್ನ ಸಾಫ್ಟ್‌ವೇರ್ ಸರಿಯಿಲ್ಲ" ಅಂತ ಜನ ಅಂದುಕೊಳ್ಳುತ್ತಾರೆ. ಸಾಫ್ಟ್‌ವೇರ್ ಸರಿಯಾಗಿಯೇ ಇದೆ, ಕೊಟ್ಟ ಬಿಟ್ ಸಾಲಲಿಲ್ಲ ಅಷ್ಟೇ.

ಅದಕ್ಕೇ ಬಿಟ್‌ರೇಟ್ ಹಿಡಿದು ಹೊರಡಬೇಡಿ, ಗುಣಮಟ್ಟ ಹಿಡಿದು ಹೊರಡಿ. ಕಾನ್‌ಸ್ಟಂಟ್ ಕ್ವಾಲಿಟಿ ಅನ್ನುವ ಆಯ್ಕೆ ಇರುತ್ತದೆ. ಸಿಆರ್‌ಎಫ್ ಅಥವಾ ಆರ್‌ಎಫ್ ಅಂತ ಒಂದು ಸಂಖ್ಯೆ ಕೊಡಬೇಕು, 0ಯಿಂದ 51ರವರೆಗೆ. ಸಂಖ್ಯೆ ಸಣ್ಣದಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಫುಲ್ ಎಚ್‌ಡಿಗೆ 20ರಿಂದ 24, ಹಳೇ ಡಿವಿಡಿ ಅಳತೆಯ ಚಿತ್ರಕ್ಕೆ 18ರಿಂದ 22 ಒಳ್ಳೆಯ ಜಾಗ. ಹೀಗೆ ಕೊಟ್ಟರೆ ತಾಳಮದ್ದಳೆಗೆ ಎಷ್ಟು ಬೇಕೋ ಅಷ್ಟು, ಜೋಗಕ್ಕೆ ಎಷ್ಟು ಬೇಕೋ ಅಷ್ಟು ಬಿಟ್ಟನ್ನು ಕೋಡೆಕ್ ತಾನೇ ಹಾಕಿಕೊಳ್ಳುತ್ತದೆ.

ಫೈಲ್ ಇಷ್ಟೇ ದೊಡ್ಡದಿರಬೇಕು ಅನ್ನುವ ಕಟ್ಟುಪಾಡು ಇದ್ದಾಗ ಮಾತ್ರ ಬಿಟ್‌ರೇಟ್ ಲೆಕ್ಕಕ್ಕೆ ಬನ್ನಿ. ಹಳೇ ಟಿವಿಗೆ ಹಾಕುವ ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟಿನಲ್ಲಿರುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ನಾಲ್ಕು ಗಂಟೆಯ ಕಾರ್ಯಕ್ರಮ ಅಂದರೆ 14,400 ಸೆಕೆಂಡ್. 4 ಜಿಬಿ ಅಂದರೆ ಹತ್ತಿರ ಹತ್ತಿರ 32,000 ಮೆಗಾಬಿಟ್. ಭಾಗಿಸಿದರೆ ಸೆಕೆಂಡಿಗೆ 2.2 ಮೆಗಾಬಿಟ್, ಶಬ್ದವೂ ಸೇರಿ. ತಾಳಮದ್ದಳೆಗೆ ನಡೆಯುತ್ತದೆ. ಕುಣಿತ ಇರುವ ಆಟಕ್ಕೆ ಸಾಲದು. ಅಲ್ಲಿ ಎರಡು ಫೈಲ್ ಮಾಡುವುದೇ ಸರಿ. ಇಂಥ ಕಡೆ ಟೂ ಪಾಸ್ ಅನ್ನುವ ಆಯ್ಕೆ ಹಾಕಿ. ಸಮಯ ಜಾಸ್ತಿ ಹಿಡಿದರೂ ಇರುವಷ್ಟು ಬಿಟ್ಟನ್ನು ಬೇಕಾದ ಕಡೆಗೆ ಹಂಚುತ್ತದೆ.

ಯಾವ ಸಾಫ್ಟ್‌ವೇರ್

ಹ್ಯಾಂಡ್‌ಬ್ರೇಕ್ ಬಗ್ಗೆ ಎಲ್ಲರಿಗೂ ಗೊತ್ತು. ಪುಕ್ಕಟೆ, ಮುಖ ಸರಳ, ಪೂರ್ತಿ ಕನ್ವರ್ಷನ್‌ಗೆ ನಾನು ಮೊದಲು ಹೇಳುವ ಹೆಸರು. ಆದರೆ ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಹ್ಯಾಂಡ್‌ಬ್ರೇಕ್ ಚಿತ್ರವನ್ನು ಯಾವಾಗಲೂ ಮತ್ತೆ ಒತ್ತುತ್ತದೆ. ಎರಡನೇ, ಮೂರನೇ ದಾರಿ ಅದರಲ್ಲಿ ಇಲ್ಲವೇ ಇಲ್ಲ. ಶಬ್ದ ಸರಿ ಮಾಡಲು ಅದಕ್ಕೆ ಹೋದರೆ ಚಿತ್ರವನ್ನೂ ಕೊಟ್ಟು ಬಂದ ಹಾಗೆ. ಇನ್ನೊಂದು, ಅದರ 1080ಪಿ30 ಪ್ರೀಸೆಟ್ ಸೆಕೆಂಡಿಗೆ 30 ಫ್ರೇಮಿಗಿಂತ ಜಾಸ್ತಿ ಇಡುವುದಿಲ್ಲ. 50 ಫ್ರೇಮಿನಲ್ಲಿ ತೆಗೆದ ಕುಣಿತವನ್ನು ಅದಕ್ಕೆ ಹಾಕಿದರೆ ಸುತ್ತು ಹೊಡೆಯುವಾಗ ಚಿತ್ರ ಕುಂಟುತ್ತದೆ. ಫ್ರೇಮ್ ರೇಟನ್ನು "ಸೇಮ್ ಆಸ್ ಸೋರ್ಸ್" ಮಾಡಿಕೊಳ್ಳಿ.

ಎಫ್‌ಎಫ್‌ಎಂಪೆಗ್ ಈ ಊರಿನ ಹಿರಿಯ. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ್ದು. ಇಲ್ಲಿ ಹೆಸರಿಸಿದ ಬಹಳಷ್ಟು ಸಾಫ್ಟ್‌ವೇರುಗಳು ಒಳಗೊಳಗೆ ಇದರ ಭಾಗಗಳನ್ನೇ ಬಳಸುತ್ತವೆ. ನಾಲ್ಕು ದಾರಿಯೂ ಇದರಲ್ಲಿ ಇದೆ. ಬಟನ್ ಇಲ್ಲ, ಆಜ್ಞೆ ಟೈಪ್ ಮಾಡಬೇಕು. ಹೆದರಿಕೆ ಆಗುವುದು ಸಹಜ. ಆದರೆ ಒಂದು ಫೋಲ್ಡರಿನ 60 ಫೈಲಿನ ಶಬ್ದವನ್ನು ಒಂದೇ ಸಲ ಬದಲಿಸಬೇಕು ಅಂದಾಗ ಇದಕ್ಕೆ ಸಮ ಬೇರೆ ಇಲ್ಲ. ಇದು ಹೇಳುವ ತಪ್ಪುಗಳೂ ಸ್ಪಷ್ಟ. "ವಿಡ್ತ್ ನಾಟ್ ಡಿವಿಸಿಬಲ್ ಬೈ 2" ಅಂದರೆ ಚಿತ್ರದ ಅಗಲ ಬೆಸ ಸಂಖ್ಯೆಯಾಗಿದೆ. ಮೊಬೈಲಿನ ಸ್ಕ್ರೀನ್ ರೆಕಾರ್ಡಿಂಗನ್ನು ಕತ್ತರಿಸಿದಾಗ ಹೀಗಾಗುತ್ತದೆ. ಅಗಲವನ್ನು ಒಂದು ಪಿಕ್ಸೆಲ್ ಕಡಿಮೆ ಮಾಡಿದರೆ ಸರಿ. ಕೆಂಪು ಅಕ್ಷರ ನೋಡಿ ಮುಚ್ಚಿಬಿಡಬೇಡಿ, ಕೊನೆಯ ಎರಡು ಸಾಲು ಓದಿ. ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಆಜ್ಞೆ ಟೈಪ್ ಮಾಡಲು ಮನಸ್ಸಿಲ್ಲದವರಿಗೆ ಅವಿಡೆಮಕ್ಸ್ ಇದೆ. ಎಡಗಡೆ ಮೂರು ಆಯ್ಕೆ ಕಾಣುತ್ತವೆ. ವಿಡಿಯೋದಲ್ಲಿ ಕಾಪಿ, ಆಡಿಯೋದಲ್ಲಿ ಎಎಸಿ, ಕೆಳಗೆ ಎಂಪಿ4 ಮಕ್ಸರ್. ಸೇವ್ ಮಾಡಿ. ಮೂರನೇ ದಾರಿ ಮುಗಿಯಿತು. ಚೀಲ ಬದಲಿಸಲು, ಬೇಡದ ಭಾಗ ಕತ್ತರಿಸಲು ಲಾಸ್‌ಲೆಸ್‌ಕಟ್ ಚೆನ್ನ. ಕತ್ತರಿ ಕೀಫ್ರೇಮ್ (ಪೂರ್ತಿಯಾಗಿ ಬರೆದಿಟ್ಟ ಫ್ರೇಮ್) ಇರುವ ಜಾಗದಲ್ಲೇ ಬೀಳುವುದರಿಂದ ಒಂದೆರಡು ಸೆಕೆಂಡ್ ಆಚೀಚೆ ಆಗುತ್ತದೆ, ಅಷ್ಟೇ. ಎಲ್ಲವೂ ಒಂದೇ ಕಡೆ ಬೇಕು ಅನ್ನುವ ಸ್ಟುಡಿಯೋದವರು ಶಟರ್ ಎನ್‌ಕೋಡರ್ ನೋಡಬಹುದು.

ವಿಎಲ್‌ಸಿಯಲ್ಲೂ ಕನ್ವರ್ಟ್ ಅಂತ ಒಂದು ಮೆನು ಇದೆ. ನೋಡಲು ವಿಎಲ್‌ಸಿಗಿಂತ ಒಳ್ಳೆಯದು ಇಲ್ಲ, ಕನ್ವರ್ಟ್ ಮಾಡಲು ನಾನು ಬಳಸುವುದಿಲ್ಲ. ಶಬ್ದ ಹಿಂದೆ ಬಿದ್ದ ಫೈಲುಗಳು ಅದರಿಂದ ನನಗೆ ಸಾಕಷ್ಟು ಸಿಕ್ಕಿವೆ. ಆನ್‌ಲೈನ್ ಸೈಟುಗಳು ಅರ್ಧ ನಿಮಿಷದ ತುಣುಕಿಗೆ ಸರಿ. ಮನೆಮಂದಿಯ ಮುಖ ಇರುವ ವಿಡಿಯೋವನ್ನು ಯಾರದೋ ಸರ್ವರಿಗೆ ಕಳಿಸಲು ನನಗಂತೂ ಮನಸ್ಸು ಬರುವುದಿಲ್ಲ.

ಗ್ರಾಫಿಕ್ಸ್ ಚಿಪ್ಪಿನಿಂದ ಒತ್ತಿಸುವ ಆಯ್ಕೆಯೂ ಇರುತ್ತದೆ. ಎನ್‌ವಿಇಎನ್‌ಸಿ, ಕ್ವಿಕ್ ಸಿಂಕ್ ಅನ್ನುವ ಹೆಸರಿನಲ್ಲಿ. ತುಂಬಾ ಬೇಗ ಮುಗಿಯುತ್ತದೆ. ಅದೇ ಗುಣಮಟ್ಟಕ್ಕೆ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ. ನಾಳೆಯೇ ಕೊಡಬೇಕಾದ ಮದುವೆ ವಿಡಿಯೋಗೆ ಇದು ಸರಿ. ವರ್ಷಗಟ್ಟಲೆ ಇಡುವ ಫೈಲಿಗೆ ಪ್ರೊಸೆಸರ್ ಮೇಲೆ ನಿಧಾನವಾಗಿ ಮಾಡಿಸುವುದೇ ಒಳ್ಳೆಯದು.

ಚೆಂಡೆ ಪೆಟ್ಟು ಮತ್ತು ಹೆಜ್ಜೆ

ಶಬ್ದ ಮತ್ತು ಚಿತ್ರ ಹೊಂದಿದೆಯೇ ಅಂತ ನೋಡಲು ಆಟದ ವಿಡಿಯೋಗಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಡ. ಕೋಲು ಚರ್ಮಕ್ಕೆ ತಾಗುವ ಕ್ಷಣ ಕಣ್ಣಿಗೆ ಕಾಣುತ್ತದೆ, ಪೆಟ್ಟು ಕಿವಿಗೆ ಬೀಳುತ್ತದೆ. ಎರಡು ಫ್ರೇಮ್ ವ್ಯತ್ಯಾಸ ಇದ್ದರೂ ಆಟ ನೋಡಿ ಬೆಳೆದವರಿಗೆ ಹಿಂಸೆ ಆಗುತ್ತದೆ.

ಶುರುವಿನಲ್ಲೂ ಕೊನೆಯಲ್ಲೂ ವ್ಯತ್ಯಾಸ ಒಂದೇ ಇದೆಯೇ, ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತಿದೆಯೇ ನೋಡಿ. ಒಂದೇ ಇದ್ದರೆ ಸುಲಭ. ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಒತ್ತಿದರೆ ಶಬ್ದ 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಯುತ್ತದೆ. ಎಷ್ಟಕ್ಕೆ ಹೊಂದುತ್ತದೋ ಆ ಸಂಖ್ಯೆ ಬರೆದುಕೊಳ್ಳಿ. ಎಂಕೆವಿಟೂಲ್‌ನಿಕ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಶಬ್ದದ ಟ್ರ್ಯಾಕಿಗೆ ಅಷ್ಟು ಡಿಲೇ ಕೊಟ್ಟು ಹೊಸ ಎಂಕೆವಿ ಮಾಡಿ. ಏನನ್ನೂ ಮತ್ತೆ ಒತ್ತಬೇಕಾಗಿಲ್ಲ.

ವ್ಯತ್ಯಾಸ ಬೆಳೆಯುತ್ತಿದ್ದರೆ, ಅದೂ ಫೋನಿನಲ್ಲಿ ತೆಗೆದದ್ದಾದರೆ, ಕಾರಣ ವೇರಿಯಬಲ್ ಫ್ರೇಮ್ ರೇಟ್ ಇರಬಹುದು. ಕತ್ತಲಲ್ಲಿ ಫೋನು ಬೆಳಕಿಗಾಗಿ ಫ್ರೇಮುಗಳನ್ನು ನಿಧಾನ ಮಾಡುತ್ತದೆ. ಗ್ಯಾಸ್‌ಲೈಟಿನ ಬೆಳಕಿನಂಥ ಕಡಿಮೆ ಬೆಳಕಿನ ರಂಗಸ್ಥಳದಲ್ಲಿ ಇದು ಜಾಸ್ತಿ. ಬರೀ ಓಡಿಸುವಾಗ ಗೊತ್ತಾಗುವುದಿಲ್ಲ, ಎಡಿಟಿಂಗಿಗೆ ಹಾಕಿದಾಗ ಜಾರುತ್ತದೆ. ಇಲ್ಲಿ ಹ್ಯಾಂಡ್‌ಬ್ರೇಕ್ ಬೇಕೇ ಬೇಕು. ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಆರ್‌ಎಫ್ ಸಂಖ್ಯೆಯನ್ನು ಎಂದಿಗಿಂತ ಎರಡು ಮೂರು ಕಡಿಮೆ ಇಟ್ಟು ಒಂದು ಪ್ರತಿ ಮಾಡಿ. ಎಡಿಟಿಂಗಿಗೆ ಆ ಪ್ರತಿ ಬಳಸಿ.

ಹಳೇ ಟೇಪು, ಹಳೇ ಡಿವಿಡಿ

ಹಳೇ ಟೇಪ್ ಮತ್ತು ಬಹಳಷ್ಟು ಡಿವಿಡಿಗಳ ಚಿತ್ರ ಇಂಟರ್‌ಲೇಸ್ಡ್. ಸೆಕೆಂಡಿಗೆ 25 ಫ್ರೇಮ್, ಒಂದೊಂದೂ ಎರಡು ಅರ್ಧ. ಬೆಸ ಗೆರೆಗಳು ಒಂದು ಕ್ಷಣದ್ದು, ಸಮ ಗೆರೆಗಳು ಮುಂದಿನ ಕ್ಷಣದ್ದು. ಇದನ್ನು ಬಿಡಿಸದೆ ಕನ್ವರ್ಟ್ ಮಾಡಿದರೆ ಅಲುಗುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತದೆ. ಹ್ಯಾಂಡ್‌ಬ್ರೇಕಿನಲ್ಲಿ ಇದನ್ನು ಬಿಡಿಸುವ ಯಾಡಿಫ್ ಅಥವಾ ಬಿಡಬ್ಲ್ಯೂಡಿಫ್ ಫಿಲ್ಟರ್ ಆರಿಸಿ, ಬಾಬ್ ಅನ್ನುವುದನ್ನು ಹಾಕಿದರೆ 50 ಅರ್ಧಗಳೂ 50 ಪೂರ್ತಿ ಫ್ರೇಮ್ ಆಗುತ್ತವೆ. ಕುಣಿತಕ್ಕೆ ಇದೇ ಸರಿ. ಡಿವಿಡಿಯಾದರೆ ಒಂದೊಂದೇ ವಿಓಬಿ ಫೈಲ್ ಹಾಕಬೇಡಿ. ವಿಡಿಯೋ ಟಿಎಸ್ ಫೋಲ್ಡರನ್ನೇ ತೆರೆಯಿರಿ, ಆಗ ಇಡೀ ಕಾರ್ಯಕ್ರಮ ಒಂದಾಗಿ ಬರುತ್ತದೆ. ವಿಸಿಡಿ ಚಿತ್ರ 352 ಅಗಲ, 288 ಎತ್ತರ ಅಷ್ಟೇ. ಅದನ್ನು ಫುಲ್ ಎಚ್‌ಡಿ ಅಳತೆಗೆ ಹಿಗ್ಗಿಸಿದರೆ ಫೈಲ್ ದಪ್ಪ ಆಗುತ್ತದೆ, ಮುಖ ಸ್ಪಷ್ಟ ಆಗುವುದಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ಕಳೆದುಕೊಂಡ ಮೇಲೆ. 2012ರಲ್ಲಿ ಮನೆಯ ಮಿನಿ ಡಿವಿ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಒಂದು ಗಂಟೆಗೆ 13 ಜಿಬಿ ಆಗುತ್ತಿತ್ತು. ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ. ಎಲ್ಲವನ್ನೂ ಸಣ್ಣ ಎಕ್ಸ್‌ವಿಡ್ ಎವಿಐ ಮಾಡಿ, ದೊಡ್ಡವನ್ನು ಅಳಿಸಿದೆ. ಟೇಪುಗಳಿಗೆ ಮುಂದಿನ ಮಳೆಗಾಲಗಳಲ್ಲಿ ಬೂಸ್ಟು ಹಿಡಿಯಿತು. ಒಂದರಲ್ಲಿ ಅಜ್ಜಿ ಒರಳ ಮುಂದೆ ಕೂತು ದೋಸೆ ಹಿಟ್ಟು ರುಬ್ಬುವ ದೃಶ್ಯ ಇದೆ. ಮುಖ ಪರವಾಗಿಲ್ಲ. ಗುಂಡುಕಲ್ಲು ತಿರುಗಿಸುವ ಕೈ ಮಾತ್ರ ಬಳೆ ಸಮೇತ ಗೆರೆ ಗೆರೆಯಾಗಿ ಹರಿದುಹೋಗಿದೆ. ಬಿಡಿಸದೆ ಒತ್ತಿದ್ದರಿಂದ ಆ ಗೆರೆ ಚಿತ್ರದ ಭಾಗವೇ ಆಗಿಬಿಟ್ಟಿದೆ. ಈಗ ಯಾವ ಫಿಲ್ಟರ್ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕೈಮುಗಿದು ಕೇಳುತ್ತೇನೆ, ಕನ್ವರ್ಟ್ ಆದ ಮೇಲೂ ಮೂಲ ಫೈಲನ್ನು ಅಳಿಸಬೇಡಿ. ಜಾಗ ಇಲ್ಲದಿದ್ದರೆ ಇನ್ನೊಂದು ಡಿಸ್ಕ್ ತನ್ನಿ.

ಕರೆಂಟ್ ಹೋದರೆ

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ ಲೈನಿನ ಮೇಲೆ ಯಾವಾಗ ಮರ ಬೀಳುತ್ತದೋ ಹೇಳಲಾಗುವುದಿಲ್ಲ. ಎಂಪಿ4 ಫೈಲ್ ಬರೆಯುವಾಗ ಅದರ ಇಂಡೆಕ್ಸ್ ಸಾಮಾನ್ಯವಾಗಿ ಕೊನೆಗೆ ಬರೆದುಕೊಳ್ಳುತ್ತದೆ. ಏಳು ಗಂಟೆ ಓಡಿ, ಮುಗಿಯಲು ಐದು ನಿಮಿಷ ಇದ್ದಾಗ ಕರೆಂಟ್ ಹೋದರೆ ಆ ಏಳು ಗಂಟೆಯೂ ಹೋಯಿತು. ಎಂಕೆವಿ ಹಾಗಲ್ಲ, ಬರೆದಷ್ಟು ಭಾಗ ಓಡುತ್ತದೆ. ಅದಕ್ಕೇ ಮಳೆಗಾಲದಲ್ಲಿ ದೊಡ್ಡ ಕೆಲಸಗಳನ್ನು ನಾನು ಎಂಕೆವಿಗೇ ಮಾಡಿಸುತ್ತೇನೆ. ಪೂರ್ತಿ ಆದ ಮೇಲೆ ಎರಡನೇ ದಾರಿಯಲ್ಲಿ ಎಂಪಿ4 ಚೀಲಕ್ಕೆ ಹಾಕುತ್ತೇನೆ. ಎರಡು ಮೂರು ನಿಮಿಷದ ಕೆಲಸ.

ಯಾವುದೇ ದೊಡ್ಡ ಫೈಲ್ ಹಾಕುವ ಮೊದಲು ಒಂದು ನಿಮಿಷದ ತುಣುಕು ಮಾಡಿ ನೋಡಿ. ಶುರುವಿನ ನಿಮಿಷ ಬೇಡ, ಅಲ್ಲಿ ಬರೀ ಪರದೆ ಇರುತ್ತದೆ. ಅತಿ ಕಷ್ಟದ ನಿಮಿಷ ಹುಡುಕಿ. ಯುದ್ಧದ ಕುಣಿತ, ಚೆಂಡೆಯ ಏರು, ಹಿಂದೆ ಕತ್ತಲು, ಮುಂದೆ ವೇಷದ ತಲೆಯ ಮೇಲಿನ ಕೆಂಪು ಪಗಡೆ, ಎಲ್ಲ ಒಟ್ಟಿಗೆ ಇರುವ ಜಾಗ. ಅದನ್ನು ಪೆನ್‌ಡ್ರೈವಿಗೆ ಹಾಕಿ, ಕೊನೆಗೆ ಯಾವ ಟಿವಿಯಲ್ಲಿ ನೋಡುತ್ತೀರೋ ಅದೇ ಟಿವಿಗೆ ಸಿಕ್ಕಿಸಿ. ಅತ್ತೆ ಮನೆಯ ಉಳಿದ ಏಳು ಫೈಲುಗಳನ್ನು ಮರುದಿನ ಹೀಗೇ ಮಾಡಿದೆ. ತುಣುಕು ನೋಡಿ ಒಪ್ಪಿಗೆ ಕೊಡುವ ಕೆಲಸ ಅತ್ತೆಯದೇ ಆಗಿತ್ತು. ಟಿವಿ ಹತ್ತಿರ ಕುರ್ಚಿ ಎಳೆದುಕೊಂಡು, ಕಣ್ಣು ಕೋಲಿನ ಮೇಲಿಟ್ಟು, ಎರಡು ಸಲ ಹಾಕಿಸಿ ಕೇಳಿದರು. "ಸರಿ ಇದೆ, ಉಳಿದದ್ದೂ ಮಾಡು" ಅಂದರು.